ಎಲೆ ತಿನ್ನುವ ಹುಳಕ್ಕೆ ಯಾವ ಮದ್ದು? ಕೈದೋಟದವರಿಗೆ ಒಂದು ಹೋಲಿಕೆ

"ಬೇವಿನೆಣ್ಣೆ ಹೊಡೆದೆ, ಏನೂ ಆಗಲಿಲ್ಲ." ಕೈದೋಟ ಮಾಡುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಯಾವ ಹುಳಕ್ಕೆ ಹೊಡೆದಿರಿ ಅಂತ ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ಎಲೆಯಲ್ಲಿ ತೂತು ಕಂಡಿತು, ಮನೆಯಲ್ಲಿ ಬಾಟಲಿ ಇತ್ತು, ಹೊಡೆದಾಯಿತು. ಅಷ್ಟೇ.

ಸಾವಯವ ಮದ್ದುಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬಹಳಷ್ಟು ರಾಸಾಯನಿಕ ವಿಷಗಳು ಸಿಕ್ಕಿದ ಹುಳವನ್ನೆಲ್ಲ ಕೊಲ್ಲುತ್ತವೆ. ಸಾವಯವದಲ್ಲಿ ಒಂದೊಂದು ಮದ್ದಿಗೂ ಒಂದೊಂದು ಮಿತಿ. ಎಲೆಕೋಸಿನ ಹಸಿರು ಹುಳವನ್ನು ಎರಡು ಮೂರು ದಿನದಲ್ಲಿ ಮುಗಿಸುವ ಬಿಟಿ ಅನ್ನುವ ಬ್ಯಾಕ್ಟೀರಿಯಾದ ಪುಡಿಯನ್ನು ಬದನೆಯ ದುಂಬಿಗೆ ಎಷ್ಟು ಸುರಿದರೂ ಅದು ಆರಾಮಾಗಿ ಮೇಯುತ್ತಿರುತ್ತದೆ. ಹಾಗಾಗಿ ಯಾವ ಬಾಟಲಿ ಒಳ್ಳೆಯದು ಅಂತ ಕೇಳುವ ಮೊದಲು ಎಲೆ ತಿಂದವರು ಯಾರು ಅಂತ ನೋಡಬೇಕು.

ಎಲೆ ತಿರುಗಿಸಿ ನೋಡಿ

ಹುಳವೇ ಕಾಣಬೇಕು ಅಂತಿಲ್ಲ. ತಿಂದ ರೀತಿಯೇ ಅರ್ಧ ವಿಷಯ ಹೇಳಿಬಿಡುತ್ತದೆ.

ಮೂಲಂಗಿ, ಸಾಸಿವೆ ಸೊಪ್ಪಿನ ತುಂಬ ಗುಂಡುಸೂಜಿ ತಲೆಯಷ್ಟು ಸಣ್ಣ ಸಣ್ಣ ತೂತುಗಳಿದ್ದರೆ ಅದು ಚಿಗಟ ದುಂಬಿ. ಕೈ ಹತ್ತಿರ ಹೋದರೆ ಟಪ್ ಅಂತ ಹಾರಿಬಿಡುತ್ತದೆ. ಎಲೆಕೋಸು, ಹೂಕೋಸಿನ ಎಲೆಯಲ್ಲಿ ಕೆಳಗಿನ ಪದರವನ್ನು ಮಾತ್ರ ಕೆರೆದು ತಿಂದು, ಮೇಲಿನ ತೆಳುವಾದ ಪೊರೆ ಹಾಗೇ ಉಳಿದಿದ್ದರೆ ಅದು ವಜ್ರಬೆನ್ನಿನ ಪತಂಗದ ಮರಿಹುಳ. ಕಡ್ಡಿಯಿಂದ ಮುಟ್ಟಿ ನೋಡಿ. ಜೋರಾಗಿ ನುಲಿಯುತ್ತಾ ಹಿಂದೆ ಸರಿಯುತ್ತದೆ, ಇಲ್ಲವೇ ಒಂದು ಎಳೆ ಬಿಟ್ಟು ಕೆಳಗೆ ಜೋತಾಡುತ್ತದೆ.

ಹೀರೆ, ಕುಂಬಳ, ಸೌತೆ ಮೊಳೆತು ಎರಡೆಲೆ ಬಿಟ್ಟಿದ್ದೇ ತಡ, ಕೇಸರಿ ಕೆಂಪು ಬಣ್ಣದ ದುಂಬಿ ಬಂದು ದುಂಡು ದುಂಡಾಗಿ ಕತ್ತರಿಸಿದ್ದರೆ ಅದು ಕೆಂಪು ಕುಂಬಳ ದುಂಬಿ. ಹರಿವೆ, ದಂಟಿನ ಎಲೆಗಳು ಮಡಚಿಕೊಂಡು ಒಳಗೆ ಬಲೆ ಕಟ್ಟಿದ್ದರೆ ಎಲೆ ಹೆಣೆಯುವ ಹುಳ. ಬದನೆ ಎಲೆಯ ಅಂಚು ಮಾತ್ರ ಕಚ್ಚಿ ಕಚ್ಚಿ ತಿಂದಿದ್ದರೆ ಬೂದು ಬಣ್ಣದ ಮೂತಿಹುಳ. ಇದು ಕಂಡರೆ ಹುಷಾರು, ಏಕೆಂದರೆ ಇದರ ಮರಿಗಳು ಮಣ್ಣಿನೊಳಗೆ ಬೇರು ತಿನ್ನುತ್ತಿರುತ್ತವೆ.

ಬದನೆಯ ಇನ್ನೊಂದು ಶತ್ರುವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಅದನ್ನು ಗೆಳೆಯ ಅಂತ ತಿಳಿದು ಬಿಟ್ಟುಬಿಡುವವರು ಬಹಳ. ಅದು ಎಪಿಲ್ಯಾಕ್ನ ದುಂಬಿ, ಹಡ್ಡಾ ದುಂಬಿ ಅಂತಲೂ ಹೇಳುತ್ತಾರೆ. ನೋಡಲು ಗುಲಗಂಜಿ ಹುಳದ ಅಣ್ಣತಮ್ಮ. ಅದೇ ಕುಟುಂಬದ್ದೇ, ಸಂದೇಹವಿಲ್ಲ. ಆದರೆ ಗುಲಗಂಜಿ ಹುಳ ಗಿಡಹೇನು ತಿನ್ನುತ್ತದೆ, ಇದು ಎಲೆ ತಿನ್ನುತ್ತದೆ. ಗುಲಗಂಜಿ ಹುಳದ ಬೆನ್ನು ಪಾಲಿಶ್ ಮಾಡಿದಂತೆ ಹೊಳೆಯುತ್ತದೆ. ಎಪಿಲ್ಯಾಕ್ನದ ಬೆನ್ನು ಮಂಕು ತಾಮ್ರದ ಬಣ್ಣ, ಮೇಲೆ ಸಣ್ಣ ರೋಮ, ಒಂದು ಬಗೆಯಲ್ಲಿ 28 ಕಪ್ಪು ಚುಕ್ಕೆ. ಎಲೆಯ ತಳಭಾಗದಲ್ಲಿ ಹಳದಿ ಮೊಟ್ಟೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಇಟ್ಟಿರುತ್ತದೆ. ಮರಿ ಹಳದಿ, ಮೈತುಂಬ ಮುಳ್ಳು. ದೊಡ್ಡದು, ಮರಿ ಎರಡೂ ಸೇರಿ ಎಲೆಯ ಹಸಿರನ್ನು ಕೆರೆದು ನರಗಳನ್ನು ಮಾತ್ರ ಉಳಿಸುತ್ತವೆ. ಬದನೆ ಮಾತ್ರವಲ್ಲ, ಹಾಗಲಕ್ಕೂ ಬರುತ್ತದೆ.

ಎಲೆಯೊಳಗೆ ಬಿಳಿ ಗೆರೆ ಗೆರೆ ಎಳೆಯುವ ರಂಗೋಲಿ ಹುಳ ಎಲೆಯ ಎರಡು ಪದರದ ನಡುವೆ ಕೂತಿರುತ್ತದೆ. ಮೇಲಿಂದ ಹೊಡೆದದ್ದು ಅದಕ್ಕೆ ಸರಿಯಾಗಿ ತಲುಪುವುದಿಲ್ಲ. ಅಂಥ ಎಲೆ ಕಿತ್ತು ಸುಟ್ಟರೆ ಮುಗಿಯಿತು. ಎಲೆಯ ಮೇಲೆ ಹೊಳೆಯುವ ಅಂಟಿನ ದಾರಿ ಇದ್ದರೆ ಅದು ಬಸವನಹುಳ, ಅದಕ್ಕೆ ಈ ಪಟ್ಟಿಯ ಯಾವ ಮದ್ದೂ ಬೇಡ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ.

ಕೈಯಿಂದ ಹೆಕ್ಕುವುದು

ಇದನ್ನು ಯಾರೂ ಒಂದು ಆಯ್ಕೆ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆದರೆ ಇಪ್ಪತ್ತು ಮೂವತ್ತು ಗಿಡದ ಹಿತ್ತಲಿಗೆ, ತಾರಸಿ ತೋಟಕ್ಕೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಮದ್ದು ಅಂಗಡಿಯಲ್ಲಿ ಇಲ್ಲ. ನನ್ನ ಮಟ್ಟಿಗೆ ಉಳಿದದ್ದೆಲ್ಲ ಇದರ ನಂತರವೇ.

ಹೊತ್ತು ನೋಡಿ ಹೆಕ್ಕಬೇಕು. ಕೆಂಪು ಕುಂಬಳ ದುಂಬಿ ಬಿಸಿಲೇರಿದ ಮೇಲೆ ಕೈಗೆ ಸಿಗುವುದೇ ಇಲ್ಲ, ಹಾರಿ ಹೋಗುತ್ತದೆ. ಬೆಳಗ್ಗೆ ಬೇಗ, ಇಬ್ಬನಿ ಆರುವ ಮೊದಲು, ಮಂಕಾಗಿ ಕೂತಿರುತ್ತದೆ. ಆಗ ಸೋಪಿನ ನೀರಿನ ಡಬ್ಬ ಕೆಳಗೆ ಹಿಡಿದು ಎಲೆ ಅಲ್ಲಾಡಿಸಿದರೆ ತಾನಾಗಿ ಬೀಳುತ್ತದೆ. ಸ್ಪೋಡಾಪ್ಟೆರ, ಅಂದರೆ ತಂಬಾಕಿನ ಎಲೆ ತಿನ್ನುವ ಹುಳ, ಬಲಿತ ಮೇಲೆ ಹಗಲು ಹೊತ್ತು ಬುಡದ ಕಸದಲ್ಲಿ ಅಡಗಿ ರಾತ್ರಿ ಮೇಯುತ್ತದೆ. ಅದಕ್ಕೆ ಟಾರ್ಚೇ ಬೇಕು.

ಸ್ಪೋಡಾಪ್ಟೆರ ಮೊಟ್ಟೆ ಇಡುವುದನ್ನು ಒಮ್ಮೆ ಗುರುತಿಸಲು ಕಲಿತರೆ ಬಹಳ ಕೆಲಸ ಉಳಿಯುತ್ತದೆ. ಎಲೆಯ ಮೇಲೆ ಕಂದು ಬಣ್ಣದ, ನವಿರು ಕೂದಲು ಮುಚ್ಚಿದ ಒಂದು ಗುಪ್ಪೆ. ಅದರಡಿ ನೂರಾರು ಮೊಟ್ಟೆ. ಒಡೆದು ಬಂದ ಮರಿಗಳು ಮೊದಲ ಕೆಲವು ದಿನ ಒಂದೇ ಎಲೆಯಡಿ ಗುಂಪಾಗಿರುತ್ತವೆ, ಆ ಎಲೆ ದೂರದಿಂದಲೇ ಬಿಳಿಚಿ ಕಾಗದದಂತೆ ಕಾಣುತ್ತದೆ. ಆ ಒಂದು ಎಲೆ ಕಿತ್ತರೆ ನೂರಾರು ಹುಳ ಹೋದಂತೆ. ಒಂದು ವಾರ ತಡವಾದರೆ ಅವೇ ಇಡೀ ಮಡಿಗೆ ಹರಡಿಕೊಂಡು ಒಂದೊಂದನ್ನೂ ಹುಡುಕಬೇಕಾಗುತ್ತದೆ.

ಹೆಕ್ಕುವಾಗ ಒಂದು ಎಚ್ಚರ. ಸತ್ತಂತೆ ಬಿದ್ದಿರುವ ಮರಿಹುಳದ ಪಕ್ಕ ಅಕ್ಕಿನುಚ್ಚಿನ ಗಾತ್ರದ ಬಿಳಿ ಅಥವಾ ಹಳದಿ ಗೂಡುಗಳ ಗೊಂಚಲು ಕಂಡರೆ ಹಾಗೇ ಬಿಡಿ. ಅವು ಪುಟ್ಟ ಪರತಂತ್ರ ಕಣಜದ ಗೂಡುಗಳು, ನಿಮ್ಮ ಪರವಾಗಿ ದುಡಿಯುವಂಥವು.

ಕೈಯಿಂದ ಆಗದ್ದು ಚಿಗಟ ದುಂಬಿ. ಎಲೆಕೋಸಿನ ಸಣ್ಣ ಮರಿಗಳನ್ನೂ ಹತ್ತು ಗಿಡ ದಾಟಿದರೆ ಹೆಕ್ಕಿ ಮುಗಿಯುವುದಿಲ್ಲ.

ಬಲೆ

ನರ್ಸರಿಯವರು ಬಳಸುವ ಸಣ್ಣ ಕಣ್ಣಿನ ಕೀಟ ಬಲೆಯನ್ನು ಬಿದಿರಿನ ಅಥವಾ ಪೈಪಿನ ಕಮಾನಿನ ಮೇಲೆ ಹೊದಿಸಿದರೆ ಪತಂಗ ಬಂದು ಮೊಟ್ಟೆ ಇಡುವುದೇ ತಪ್ಪುತ್ತದೆ. ಒಮ್ಮೆ ದುಡ್ಡು ಹಾಕಬೇಕು, ಆಮೇಲೆ ಹಲವು ಬೆಳೆಗೆ ಬರುತ್ತದೆ. ಕೋಸು, ಮೂಲಂಗಿ, ಸೊಪ್ಪುಗಳಿಗೆ ಇದು ಹೇಳಿ ಮಾಡಿಸಿದ್ದು. ಈ ಬೆಳೆಗಳಿಗೆ ನಮಗೆ ಬೇಕಾದ ಭಾಗ ಕೈಗೆ ಬರಲು ಜೇನುನೊಣದ ಹಂಗಿಲ್ಲ.

ಹೀರೆ, ಸೌತೆ, ಕುಂಬಳಕ್ಕೆ ಕತೆ ಬೇರೆ. ಎಳೆ ಸಸಿಗೆ ಬಲೆ ಹೊದಿಸಿ, ಹೂ ಬರುವ ಹೊತ್ತಿಗೆ ತೆಗೆಯಲೇಬೇಕು. ಇಲ್ಲವಾದರೆ ಕಾಯಿ ಕಚ್ಚುವುದಿಲ್ಲ. ಅಷ್ಟರಲ್ಲಿ ಗಿಡ ಗಟ್ಟಿಯಾಗಿರುತ್ತದೆ, ದುಂಬಿ ಹತ್ತು ಎಲೆ ತಿಂದರೂ ಬಳ್ಳಿ ತಡೆದುಕೊಳ್ಳುತ್ತದೆ.

ಬಲೆಯಲ್ಲಿ ಒಂದು ಮೋಸವಿದೆ. ಹೋದ ಸಲ ಅದೇ ಮಡಿಯಲ್ಲಿ ಕುಂಬಳ ಬೆಳೆದಿದ್ದರೆ ದುಂಬಿಯ ಮರಿ, ಕೋಶ ಮಣ್ಣಿನಲ್ಲೇ ಇರಬಹುದು. ಮೇಲೆ ಬಲೆ ಹಾಕಿದರೆ ಶತ್ರುವನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡಂತೆ. ಜಾಗ ಬದಲಿಸಿ, ಇಲ್ಲವೇ ಮಣ್ಣು ಅಗೆದು ಕೆಲವು ದಿನ ಬಿಸಿಲಿಗೆ ಬಿಡಿ. ಕೋಳಿ ಇದ್ದರೆ ಇನ್ನೂ ಒಳ್ಳೆಯದು.

ಬಿಟಿ: ಮರಿಹುಳಕ್ಕೆ ಮಾತ್ರ

ಬಿಟಿ ಅಂದ ಕೂಡಲೇ ಬಿಟಿ ಹತ್ತಿ, ಬಿಟಿ ಬದನೆ ನೆನಪಾಗಿ ಹಿಂಜರಿಯುವವರಿದ್ದಾರೆ. ಇಲ್ಲಿ ಹೇಳುತ್ತಿರುವುದು ಬೀಜದ ವಿಷಯವಲ್ಲ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಇದರ ಕುರ್ಸ್ತಾಕಿ ಅನ್ನುವ ಬಗೆ. ಸಾವಯವ ಕೃಷಿಕರು ಬಹಳ ವರ್ಷಗಳಿಂದ ಬಳಸುತ್ತಿರುವುದು ಇದನ್ನೇ.

ಇದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಬಳಸುವುದು ಸುಲಭ. ಬ್ಯಾಕ್ಟೀರಿಯಾದೊಳಗೆ ಒಂದು ಪ್ರೋಟೀನ್ ಹರಳಿರುತ್ತದೆ. ಮರಿಹುಳದ ಹೊಟ್ಟೆ ಕ್ಷಾರ, ಅಲ್ಲಿ ಆ ಹರಳು ಕರಗಿ ಕರುಳಿನ ಗೋಡೆ ತೂತಾಗುತ್ತದೆ. ಕೆಲವೇ ಗಂಟೆಯಲ್ಲಿ ಹುಳ ತಿನ್ನುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ಬೇಕು. ನಮ್ಮ ಹೊಟ್ಟೆ ಆಮ್ಲ, ಆ ಪ್ರೋಟೀನ್ ಹಿಡಿದುಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಜೇನುನೊಣ, ಗುಲಗಂಜಿ ಹುಳಕ್ಕೂ ತೊಂದರೆಯಿಲ್ಲ.

ಅಂದರೆ ಹುಳ ಅದನ್ನು ತಿನ್ನಬೇಕು. ಮೈಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಹುಳ ತಿನ್ನುವುದು ಎಲೆಯ ತಳಭಾಗವನ್ನಾದರೆ ಸಿಂಪರಣೆಯೂ ಅಲ್ಲಿಗೇ ಹೋಗಬೇಕು. ಕೋಸಿನ ಎಲೆಯ ಮೇಣದ ಮೇಲೆ ನೀರು ಉರುಳಿ ಹೋಗುತ್ತದೆ, ಹಾಗಾಗಿ ಒಂದೆರಡು ಹನಿ ಸೋಪಿನ ದ್ರಾವಣ ಬೇಕೇ ಬೇಕು. ಬಿಸಿಲು ತಾಗಿದರೆ ಬೇಗ ಹಾಳಾಗುತ್ತದೆ, ಆದ್ದರಿಂದ ಸಂಜೆ ಹೊಡೆಯಿರಿ. ಲೀಟರಿಗೆ 1ರಿಂದ 2 ಗ್ರಾಂ ಸಾಮಾನ್ಯ, ಪೊಟ್ಟಣದ ಮೇಲೆ ಬರೆದದ್ದೇ ಕೊನೆ ಮಾತು. ಕಲಸಿದ್ದನ್ನು ನಾಳೆಗೆ ಇಟ್ಟುಕೊಳ್ಳಬೇಡಿ. ಎಳೆಯ ಮರಿಗಳಿಗೆ ಚೆನ್ನಾಗಿ ನಾಟುತ್ತದೆ, ಎರಡು ಇಂಚು ಬೆಳೆದ ದಪ್ಪ ಹುಳಕ್ಕೆ ಅಷ್ಟಕ್ಕಷ್ಟೆ.

ಮಿತಿ ಸ್ಪಷ್ಟ. ದುಂಬಿಗೆ ಇಲ್ಲ, ಮಿಡತೆಗೆ ಇಲ್ಲ, ಹೇನಿಗೆ ಇಲ್ಲ. ಪತಂಗ, ಚಿಟ್ಟೆಗಳ ಮರಿಗೆ ಮಾತ್ರ. ಚಿಟ್ಟೆ ಅಂದೆ ನೋಡಿ, ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಗಳು ನಿಂಬೆ ಚಿಟ್ಟೆಯವು. ಗಿಡ ಆಳೆತ್ತರ ಬೆಳೆದಿದ್ದರೆ ನಾನಂತೂ ಅವುಗಳ ತಂಟೆಗೆ ಹೋಗುವುದಿಲ್ಲ. ನಾಲ್ಕು ಎಸಳು ತಿನ್ನಲಿ ಬಿಡಿ.

ಇದೊಂದನ್ನೇ ವರ್ಷಗಟ್ಟಲೆ ಹೊಡೆಯುವುದೂ ಸರಿಯಲ್ಲ. ವಜ್ರಬೆನ್ನಿನ ಪತಂಗ ಜಗತ್ತಿನಲ್ಲೇ ಜಗ್ಗದ ಕೀಟ. ಡಿಡಿಟಿಗೆ ಮೊದಲು ಒಗ್ಗಿಕೊಂಡ ಬೆಳೆಕೀಟಗಳಲ್ಲಿ ಅದೂ ಒಂದು, 1950ರ ದಶಕದ ಮಾತು. ಹೊಲದಲ್ಲಿ ಬಿಟಿ ಸಿಂಪರಣೆಯನ್ನು ಜೀರ್ಣಿಸಿಕೊಂಡ ಮೊದಲ ಕೀಟವೂ ಅದೇ, ಹವಾಯಿಯಲ್ಲಿ ಅದು ಬೆಳಕಿಗೆ ಬಂದಿದ್ದು 1990ರಲ್ಲಿ. ಒಂದು ಸಲ ಬಿಟಿ, ಇನ್ನೊಂದು ಸಲ ಬೇವು ಅಂತ ಬದಲಾಯಿಸುತ್ತಿದ್ದರೆ ಒಳ್ಳೆಯದು.

ಬೇವು: ಎಣ್ಣೆಯೋ, ಬೀಜವೋ, ಸೊಪ್ಪೋ?

1959ರಲ್ಲಿ ಸೂಡಾನಿನಲ್ಲಿ ಮಿಡತೆ ದಂಡು ಸುತ್ತಲಿನ ಹಸಿರನ್ನೆಲ್ಲ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಉಳಿದದ್ದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಶ್ಮುಟ್ಟರರ್ ಗಮನಿಸಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದ ಶುರುವಿನಲ್ಲೇ ಬೇವಿನ ಬೀಜದ ನೀರು ಹೊಡೆದ ಬೆಳೆಯನ್ನು ಮಿಡತೆ ಮುಟ್ಟುವುದಿಲ್ಲ ಅಂತ ತೋರಿಸಿದ್ದರು. ಇದರ ಹಿಂದಿರುವುದು ಅಜಾಡಿರಕ್ಟಿನ್ ಅನ್ನುವ ವಸ್ತು. ಅದು ಹುಳದ ಹಸಿವು ಕೆಡಿಸುತ್ತದೆ, ಪೊರೆ ಬಿಡುವುದನ್ನು ತಪ್ಪಿಸುತ್ತದೆ. ಮರಿಹುಳ, ದುಂಬಿ, ಮಿಡತೆ ಎಲ್ಲದರ ಮೇಲೂ ಅಷ್ಟಿಷ್ಟು ನಡೆಯುತ್ತದೆ. ಬಿಟಿಗಿಂತ ಇದರ ವ್ಯಾಪ್ತಿ ದೊಡ್ಡದು, ಪೆಟ್ಟು ಮಾತ್ರ ಮೆಲ್ಲಗೆ.

ಈ ಮೆಲ್ಲಗೆ ಅನ್ನುವುದೇ ಜನರಿಗೆ ಅರ್ಥವಾಗದ್ದು. ಇವತ್ತು ಹೊಡೆದು ನಾಳೆ ಬೆಳಗ್ಗೆ ಹೋಗಿ ನೋಡಿದರೆ ಹುಳ ಅಲ್ಲೇ ಇರುತ್ತದೆ. ತಿನ್ನುವುದು ಕಡಿಮೆಯಾಗಿದೆಯೇ, ಹೊಸ ಎಲೆ ಚೆನ್ನಾಗಿದೆಯೇ ಅಂತ ಒಂದು ವಾರ ಬಿಟ್ಟು ನೋಡಬೇಕು. ಬಲಿತ ದುಂಬಿಯಂತೂ ಪೊರೆ ಬಿಡುವ ವಯಸ್ಸು ದಾಟಿರುತ್ತದೆ. ಅದಕ್ಕೆ ಬೇವು ಕಹಿ ಅಷ್ಟೇ, ಸಾವಲ್ಲ.

ಇನ್ನು ಯಾವ ರೂಪ? ಅಜಾಡಿರಕ್ಟಿನ್ ಅತಿ ಹೆಚ್ಚಿರುವುದು ಬೀಜದ ತಿರುಳಿನಲ್ಲಿ. ಸೊಪ್ಪಿನಲ್ಲಿ ಬಹಳ ಕಡಿಮೆ. ಅದನ್ನೂ ಗಂಟೆಗಟ್ಟಲೆ ಕುದಿಸಿದರೆ ಶಾಖಕ್ಕೆ ಇರುವುದೂ ಕೆಡುತ್ತದೆ. ಬೇವಿನ ಸೊಪ್ಪು ಕುದಿಸಿದ ಕಷಾಯ ಹೊಡೆಯುವವರಿಗೆ ನಾನು ಹೇಳುವುದು ಇಷ್ಟೇ: ಆ ಗ್ಯಾಸ್ ಉಳಿಸಿ.

ಗಂಧಿಗೆ ಅಂಗಡಿಯಲ್ಲಿ ಲೂಸಾಗಿ ಸಿಗುವ ಎಣ್ಣೆಯಲ್ಲಿ ಅಜಾಡಿರಕ್ಟಿನ್ ಎಷ್ಟಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ಗಾಣದ ಎಣ್ಣೆಯಾದರೆ ಲೀಟರಿಗೆ 5 ಮಿಲಿ, ಜೊತೆಗೆ ಸೋಪು. ಮೊದಲು ಸೋಪಿಗೆ ಎಣ್ಣೆ ಸೇರಿಸಿ ಹಾಲಿನಂತೆ ಮಾಡಿಕೊಂಡು ಆಮೇಲೆ ನೀರು ಹಾಕಬೇಕು. ಸೌತೆ, ಹೀರೆಯ ಎಳೆ ಎಲೆಗೆ ಗಟ್ಟಿಯಾಗಿ ಹೊಡೆದು ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ಒಂದು ಎಲೆಗೆ ಹೊಡೆದು ಎರಡು ದಿನ ನೋಡಿ ಮುಂದುವರಿಯಿರಿ.

ಕೀಟನಾಶಕವಾಗಿಯೇ ಮಾರುವ ಬಾಟಲಿಗಳ ಮೇಲೆ 300, 1500, 10000 ಪಿಪಿಎಂ ಅಂತ ಬರೆದಿರುತ್ತದೆ. ಅದು ಅಜಾಡಿರಕ್ಟಿನ್ ಎಷ್ಟಿದೆ ಅನ್ನುವ ಲೆಕ್ಕ. ಬೆಲೆ ಹೋಲಿಸುವಾಗ ಬಾಟಲಿಯ ಗಾತ್ರ ನೋಡಬೇಡಿ, ಈ ಅಂಕಿ ನೋಡಿ. 10000ದ ಸಣ್ಣ ಬಾಟಲಿ ದುಬಾರಿ ಅನಿಸಿದರೂ ಲೀಟರಿಗೆ ಒಂದೆರಡು ಮಿಲಿ ಸಾಕಾಗುತ್ತದೆ. 300ರದ್ದು ಅಗ್ಗ, ಆದರೆ ಬೇಗ ಖಾಲಿ.

ನನ್ನ ಮತ ಬೀಜಕ್ಕೆ. ಬೇವಿನ ಹಣ್ಣು ಉದುರುವುದು ಹೆಚ್ಚಾಗಿ ಜೂನ್, ಜುಲೈ ಹೊತ್ತಿಗೆ. ಬಯಲುಸೀಮೆಯಲ್ಲಿ ರಸ್ತೆ ಬದಿ ಹೆಕ್ಕಿದರೂ ಬುಟ್ಟಿ ತುಂಬುತ್ತದೆ. ಹಣ್ಣಿನ ಸಿಪ್ಪೆ, ಲೋಳೆ ತೊಳೆದು ಬೀಜವನ್ನು ನೆರಳಿನಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಮೂರು ತಿಂಗಳಾದರೂ ಹಳೆಯದಾದ, ಎಂಟು ತಿಂಗಳು ದಾಟದ ಬೀಜ ಒಳ್ಳೆಯದು ಅನ್ನುವುದು ಕೃಷಿ ವಿಶ್ವವಿದ್ಯಾಲಯಗಳ ಸಲಹೆ. ಲೀಟರ್ ನೀರಿಗೆ 50 ಗ್ರಾಂ ಬೀಜದೊಳಗಿನ ತಿರುಳು. ನುಣ್ಣಗೆ ರುಬ್ಬಬೇಡಿ, ತರಿಯಾಗಿ ಕುಟ್ಟಿ. ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೀರಲ್ಲಿ ಬಿಡಿ. ಬೆಳಗ್ಗೆ ಗಂಟನ್ನು ಹಿಂಡುತ್ತಾ ಹೋದರೆ ನೀರು ಹಾಲಾಗುತ್ತದೆ. ಸಂಜೆವರೆಗೆ ನೆರಳಲ್ಲಿಟ್ಟು ಚಿಟಿಕೆ ಸೋಪು ಸೇರಿಸಿ ಅವತ್ತೇ ಹೊಡೆದು ಮುಗಿಸಿ. ಇದೇ ಎಲ್ಲರೂ ಹೇಳುವ ಶೇಕಡಾ 5ರ ಬೇವಿನ ಬೀಜದ ಕಷಾಯ. ಕುದಿಸುವುದೇನೂ ಇಲ್ಲ.

ಬೆಂಗಳೂರು, ಕೋಲಾರದ ಬೋರ್‌ವೆಲ್ ನೀರಿನವರಿಗೆ ಒಂದು ಮಾತು. ಕ್ಷಾರ ಜಾಸ್ತಿ ಇರುವ ಗಡಸು ನೀರಿನಲ್ಲಿ ಅಜಾಡಿರಕ್ಟಿನ್ ಬೇಗ ಕೆಡುತ್ತದೆ, ಸೋಪೂ ಒಡೆಯುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ಬಿಟಿಗೂ ಇದೇ ಮಾತು.

ಸೊಪ್ಪಿಗೆ ಬೇವು ಹೊಡೆದರೆ ಕಹಿ ಉಳಿಯುತ್ತದೆ. ಕೊಯ್ಲಿಗೆ ಒಂದು ವಾರ ಇರುವಾಗ ನಿಲ್ಲಿಸಿ. ಕೊತ್ತಂಬರಿ, ಪುದೀನದಂಥ ಹಸಿಯಾಗಿ ತಿನ್ನುವುದಕ್ಕೆ ಹೊಡೆಯದಿದ್ದರೇ ಚೆನ್ನ.

ಬೇವಿನ ಸೋಪು, ಹೊಂಗೆ ಸೋಪು

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾಡಿರುವ ಈ ಸೋಪುಗಳು ಇನ್ನೂ ಜಾಸ್ತಿ ಜನರಿಗೆ ಗೊತ್ತಾಗಬೇಕಿತ್ತು. ಎಣ್ಣೆಯನ್ನು ನೀರಿಗೆ ಬೆರೆಸುವ ಗೋಜೇ ಇಲ್ಲ. ತುರಿದು ಬಿಸಿನೀರಿನಲ್ಲಿ ಕರಗಿಸಿ, ಮೇಲೆ ತಣ್ಣೀರು ಸೇರಿಸಿದರೆ ತಯಾರು. ಲೀಟರಿಗೆ 8ರಿಂದ 10 ಗ್ರಾಂ. ಕೋಸಿನ ಹುಳಕ್ಕೆ, ಜೊತೆಗೆ ಹೇನಿಗೂ ಬರುತ್ತದೆ. ತಾರಸಿಯಲ್ಲಿ ಹತ್ತು ಕುಂಡ ಇಟ್ಟುಕೊಂಡವರು, ಬೀಜ ಹೆಕ್ಕಲು ಸಮಯವಿಲ್ಲದವರು ಇದನ್ನೇ ಆರಿಸಿಕೊಳ್ಳಿ.

ಸಾಸಿವೆಯ ಬಲಿ

ಅದೇ ಸಂಸ್ಥೆಯ ಇನ್ನೊಂದು ಉಪಾಯ ಎಲೆಕೋಸಿನ ನಡುವೆ ಸಾಸಿವೆ ಬೆಳೆಸುವುದು. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲೇ, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತಬೇಕು, ಎಳೆ ಸಾಸಿವೆ ಸದಾ ಇರುವ ಹಾಗೆ. ವಜ್ರಬೆನ್ನಿನ ಪತಂಗ ಕೋಸಿಗಿಂತ ಸಾಸಿವೆಯನ್ನೇ ಇಷ್ಟಪಟ್ಟು ಅಲ್ಲಿ ಮೊಟ್ಟೆ ಇಡುತ್ತದೆ. ಹೊಲಕ್ಕೆ ಇದು ಚೆನ್ನಾಗಿದೆ. ಕೈದೋಟದಲ್ಲಿ ಮಡಿಯ ಅಂಚಿಗೆ ಎರಡು ಸಾಲು ಹಾಕಿ ನೋಡಬಹುದು. ಹಾಗೆಯೇ ಸ್ಪೋಡಾಪ್ಟೆರಕ್ಕೆ ಹರಳು ಗಿಡ. ಆದರೆ ಬಲಿ ಬೆಳೆಯನ್ನು ದಿನಾ ನೋಡಿ ಹುಳ ತೆಗೆಯದಿದ್ದರೆ, ಅಲ್ಲೇ ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಹುಳ ಅಲ್ಲಿ ಬೆಳೆದು ಪಕ್ಕಕ್ಕೆ ದಾಟುತ್ತದೆ. ನೋಡಲು ಪುರುಸೊತ್ತಿಲ್ಲದವರು ಇದಕ್ಕೆ ಕೈ ಹಾಕಬೇಡಿ.

ಅಗ್ನಿಅಸ್ತ್ರ, ದಶಪರ್ಣಿ, ಮೆಣಸಿನಕಾಯಿ ಬೆಳ್ಳುಳ್ಳಿ

ಇಲ್ಲಿ ಕೆಲವರಿಗೆ ಬೇಜಾರಾಗಬಹುದು. ಗೋಮೂತ್ರ, ಬೇವು, ಹಸಿಮೆಣಸು, ಬೆಳ್ಳುಳ್ಳಿ ಸೇರಿಸಿ ಮಾಡುವ ಕಷಾಯಗಳು ಹುಳವನ್ನು ದೂರವಿಡುತ್ತವೆ, ಸ್ವಲ್ಪ ಹೊತ್ತು. ವಾಸನೆ, ಖಾರ ಇರುವಷ್ಟು ದಿನ. ಮನೆಯಲ್ಲೇ ಸಾಮಾನು ಇದ್ದರೆ ಖರ್ಚಿಲ್ಲ, ಮಾಡಿ. ಆದರೆ ಒಬ್ಬೊಬ್ಬರ ಅಳತೆ ಒಂದೊಂದು. ಒಂದು ಸಲದ್ದು ಇನ್ನೊಂದು ಸಲದಂತೆ ಇರುವುದಿಲ್ಲ. ದಶಪರ್ಣಿಗೆ ತಿಂಗಳಿಡೀ ಕೊಳೆಸಬೇಕು. ಹುಳ ಅಲ್ಲಿವರೆಗೆ ಕಾಯುತ್ತದೆಯೇ?

ಅಗ್ನಿಅಸ್ತ್ರಕ್ಕೆ ನನ್ನ ನಿಜವಾದ ತಕರಾರು ಅದರಲ್ಲಿ ಹಾಕುವ ಹೊಗೆಸೊಪ್ಪು. ಗಿಡದಿಂದ ಬಂದ ಮಾತ್ರಕ್ಕೆ ನಿಕೋಟಿನ್ ಸೌಮ್ಯವಲ್ಲ. ಅದು ಮನುಷ್ಯನಿಗೂ ಜೇನಿಗೂ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ನಿಕೋಟಿನ್ ಸಲ್ಫೇಟನ್ನು ಕೀಟನಾಶಕವಾಗಿ ಬಳಸುವುದನ್ನು ನಮ್ಮ ದೇಶದಲ್ಲೇ ನಿಷೇಧಿಸಿದ್ದಾರೆ. ಅಮೆರಿಕದ ಸಾವಯವ ನಿಯಮದಲ್ಲಿ ಹೊಗೆಸೊಪ್ಪಿನ ಪುಡಿಗೆ ಜಾಗವಿಲ್ಲ. ಸಾಲದ್ದಕ್ಕೆ ಹೊಗೆಸೊಪ್ಪಿನಲ್ಲಿ ಮೊಸಾಯಿಕ್ ನಂಜು (ವೈರಸ್) ಇರಬಹುದು, ಅದು ಟೊಮೆಟೊ, ಮೆಣಸಿನ ಗಿಡಕ್ಕೆ ಅಂಟುತ್ತದೆ. ನಾಳೆ ಬಸ್ಸಾರು ಮಾಡುವ ಸೊಪ್ಪಿಗೆ ಇವತ್ತು ಇದನ್ನು ಹೊಡೆಯುವುದು ಯಾವ ಸಾವಯವ? ಹೊಗೆಸೊಪ್ಪು ಬಿಟ್ಟು ಮಾಡಿ, ಇಲ್ಲವೇ ಮಾಡಲೇಬೇಡಿ.

ಶಿಲೀಂಧ್ರಗಳು, ನಂಜುಗಳು, ಬೂದಿ, ಅಂಟು ಹಾಳೆ

ಹುಳಕ್ಕೆ ರೋಗ ತರುವ ಶಿಲೀಂಧ್ರಗಳಲ್ಲಿ ನಮ್ಮ ಕಡೆ ನೆನೆಯಬೇಕಾದ್ದು ನೊಮುರಿಯಾ ರಿಲೈ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೋಯಾ ಅವರೆಯ ಸ್ಪೋಡಾಪ್ಟೆರ ಮೇಲೆ ಇದನ್ನು ರೈತರಿಗೆ ಮುಟ್ಟಿಸಿತು. 2018ರಲ್ಲಿ ಮುಸುಕಿನ ಜೋಳಕ್ಕೆ ಸೈನಿಕ ಹುಳ ನುಗ್ಗಿದ ಮೇಲೂ ಹೊಲಗಳಲ್ಲಿ ತಾನಾಗಿ ಅದನ್ನು ಕೊಂದದ್ದು ಇದೇ ಶಿಲೀಂಧ್ರ. ಸತ್ತ ಹುಳ ಬೆಳ್ಳಗೆ ಸೆಟೆದು, ಆಮೇಲೆ ತಿಳಿ ಹಸಿರು ಪುಡಿ ಮೆತ್ತಿಕೊಂಡು ಎಲೆಗೆ ಅಂಟಿರುತ್ತದೆ. ಬವೇರಿಯಾ, ಮೆಟಾರೈಜಿಯಂ ಅನ್ನುವ ಶಿಲೀಂಧ್ರಗಳು ದುಂಬಿಗಳಿಗೂ ನಡೆಯುತ್ತವೆ. ಎಲ್ಲಕ್ಕೂ ತೇವ ಬೇಕು. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಸರಿ, ಬಳ್ಳಾರಿಯ ಏಪ್ರಿಲ್‌ಗೆ ಸುಮ್ನೆ ದುಡ್ಡು ದಂಡ. ಎನ್‌ಪಿವಿ ಅನ್ನುವ, ಹುಳಕ್ಕೆ ರೋಗ ತರುವ ನಂಜಿನ ದ್ರಾವಣ ಒಂದೇ ಜಾತಿಯ ಹುಳಕ್ಕೆ, ಹೊಲದವರಿಗೆ. ಕೈದೋಟಕ್ಕೆ ಬೇಡ.

ಒಲೆ ಬೂದಿ ಎಳೆ ಕುಂಬಳ, ಸೌತೆ ಸಸಿಗೆ ಬೆಳಗಿನ ಇಬ್ಬನಿಯ ಮೇಲೆ ಉದುರಿಸಿದರೆ ಕೆಂಪು ದುಂಬಿ ತಿನ್ನಲು ಹಿಂದೇಟು ಹಾಕುತ್ತದೆ. ಮಳೆ ಬಂದರೆ ಮತ್ತೆ ಹಾಕಬೇಕು. ತೆಳುವಾಗಿ ಸಾಕು. ಹಳದಿ ಅಂಟು ಹಾಳೆಗೆ ಬಿಳಿನೊಣ, ಹೇನು ಬೀಳುತ್ತವೆ, ಮರಿಹುಳ ತೆವಳಿಕೊಂಡು ಹೋಗಿ ಅಂಟಿಕೊಳ್ಳುವುದಿಲ್ಲ. ಹೆಣ್ಣು ಪತಂಗದ ವಾಸನೆ ಇಟ್ಟ ಮೋಹಕ ಬಲೆಗೆ ಗಂಡು ಪತಂಗ ಮಾತ್ರ ಬೀಳುತ್ತದೆ. ಹುಳ ಬರುವ ಕಾಲ ಯಾವುದು ಅಂತ ತಿಳಿಯಲು ಅದು ಸಾಕು, ಹತ್ತು ಗಿಡ ಉಳಿಸಲು ಸಾಲದು.

ಹಾಗಾದರೆ ಯಾವುದು?

ಎಲೆಕೋಸು, ಹೂಕೋಸು, ನವಿಲುಕೋಸಿಗೆ ನಾಟಿ ದಿನದಿಂದಲೇ ಬಲೆ. ಬಲೆ ಇಲ್ಲದಿದ್ದರೆ ಬಿಟಿ ಮತ್ತು ಬೇವಿನ ಸೋಪು, ಸರದಿಯಲ್ಲಿ. ಗಡ್ಡೆ ಕಟ್ಟುವ ಮೊದಲೇ ಹಿಡಿಯಬೇಕು, ಹುಳ ಒಳಗೆ ಸೇರಿದ ಮೇಲೆ ಯಾವುದೂ ಮುಟ್ಟುವುದಿಲ್ಲ.

ಬದನೆಯ ಎಪಿಲ್ಯಾಕ್ನಕ್ಕೆ ವಾರಕ್ಕೆ ಎರಡು ಸಲ ಎಲೆ ತಿರುಗಿಸಿ ಹಳದಿ ಮೊಟ್ಟೆ ಉಜ್ಜಿ ತೆಗೆಯಿರಿ, ದುಂಬಿ ಹೆಕ್ಕಿ. ಮರಿಗಳು ಜಾಸ್ತಿ ಇದ್ದರೆ ಬೇವಿನ ಬೀಜದ ಕಷಾಯ ಎಲೆಯ ತಳಕ್ಕೆ. ಬಿಟಿಗೆ ದುಡ್ಡು ಹಾಕಬೇಡಿ.

ಹೀರೆ, ಹಾಗಲ, ಕುಂಬಳಕ್ಕೆ ನಾಲ್ಕೆಲೆ ಬರುವವರೆಗೆ ಕಾವಲು ಕಾದರೆ ಅರ್ಧ ಗೆದ್ದಂತೆ. ಬಲೆ, ಬೂದಿ, ಬೆಳಗಿನ ಹೆಕ್ಕುವಿಕೆ. ಆಮೇಲೆ ತಿಂದರೆ ತಿನ್ನಲಿ. ಕಾಯಿ ಬಿಡುವ ಬಳ್ಳಿ ಒಂದಷ್ಟು ಎಲೆ ಕಳೆದುಕೊಂಡರೂ ಫಸಲು ಕೊಡುತ್ತದೆ.

ಹರಿವೆ, ಪಾಲಕ್, ಮೂಲಂಗಿ ಸೊಪ್ಪಿಗೆ ಹಾಗಲ್ಲ, ಇಲ್ಲಿ ಎಲೆಯೇ ಫಸಲು. ಆದರೆ ತಿಂಗಳಲ್ಲಿ ಮುಗಿಯುವ ಬೆಳೆಗೆ ಮದ್ದು ಹೊಡೆದು ವಾರ ಕಾಯುವುದು ಹೊಂದುವುದಿಲ್ಲ. ಬಲೆ ಹೊದಿಸಿ, ಇಲ್ಲವೇ ಹುಳ ಕಂಡ ಕೂಡಲೇ ಕೊಯ್ದು ಹೊಸದಾಗಿ ಬಿತ್ತಿ. ಹರಿವೆಯ ಎಲೆ ಹೆಣೆಯುವ ಹುಳಕ್ಕೆ ಬಿಟಿ ಹಿಡಿಸುತ್ತದೆ.

ಅಮೆರಿಕ, ಇಂಗ್ಲೆಂಡಿನ ಹಿತ್ತಲಲ್ಲಿ ಮೆಂತ್ಯ, ಹೀರೆ ಬೆಳೆಯುವವರಿಗೆ ಬೇವಿನ ಬೀಜ ಹೆಕ್ಕಲು ಮರವಿರುವುದಿಲ್ಲ, ಬಲೆಯನ್ನೇ ಮೊದಲು ನೋಡಿ. ಅಮೆರಿಕದಲ್ಲಿ ಬಿಟಿ ತೋಟದ ಅಂಗಡಿಗಳಲ್ಲೇ ಸಿಗುತ್ತದೆ. ಅಲ್ಲಿ ಸಾವಯವ ಪಟ್ಟಿಯಲ್ಲಿರುವ ಸ್ಪಿನೋಸ್ಯಾಡ್ ಅನ್ನುವ ಕೀಟನಾಶಕ ಬಹಳ ಪರಿಣಾಮಕಾರಿ. ಒದ್ದೆ ಇರುವಾಗ ಜೇನಿಗೆ ವಿಷ, ಹೂವಿರುವಾಗ ಹೊಡೆಯಬೇಡಿ.

ಹಿಪ್ಪುನೇರಳೆ ತೋಟ ಪಕ್ಕದಲ್ಲಿದ್ದರೆ

ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯ ಕಡೆಯವರು ಇದನ್ನು ಎಲ್ಲಕ್ಕಿಂತ ಮೊದಲು ಓದಬೇಕಿತ್ತು. ರೇಷ್ಮೆ ಹುಳವೂ ಪತಂಗದ ಮರಿಯೇ. ಬಿಟಿಗೆ ಅದು ಬೇರೆ, ಇದು ಬೇರೆ ಅಂತ ಗೊತ್ತಾಗುವುದಿಲ್ಲ. 1901ರಲ್ಲಿ ಜಪಾನಿನ ಇಶಿವಾಟ ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದೇ ಸಾಯುತ್ತಿದ್ದ ರೇಷ್ಮೆ ಹುಳದಲ್ಲಿ. ಬವೇರಿಯಾ ಕೂಡ ಹಾಗೆಯೇ. ರೇಷ್ಮೆ ಸಾಕುವವರು ಸುಣ್ಣಕಟ್ಟು ರೋಗ ಅಂತ ಹೆದರುವುದು ಅದೇ ಶಿಲೀಂಧ್ರಕ್ಕೆ. ಬೇವು ಬಿದ್ದ ಸೊಪ್ಪೂ ರೇಷ್ಮೆ ಹುಳಕ್ಕೆ ಆಗುವುದಿಲ್ಲ.

ಪಕ್ಕದವರ ಹಿಪ್ಪುನೇರಳೆಗೆ ಗಾಳಿ ಬೀಸುವಂತಿದ್ದರೆ ಬಿಟಿ, ಬವೇರಿಯಾ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಬಲೆ ಹಾಕಿ, ಹೆಕ್ಕಿ. ಮನೆಯಲ್ಲೇ ಹುಳ ಸಾಕುತ್ತಿದ್ದರೆ ಆ ಪೊಟ್ಟಣಗಳನ್ನು ಅಂಗಳದೊಳಗೂ ತರಬೇಡಿ, ಸಿಂಪರಣೆ ಮಾಡಿದ ಕೈ, ಬಟ್ಟೆಯಲ್ಲಿ ಸಾಕಾಣಿಕೆ ಮನೆಗೆ ಹೋಗಬೇಡಿ.

ಅಕ್ಕಪಕ್ಕ ರೇಷ್ಮೆ ಇಲ್ಲದವರು ಪೊಟ್ಟಣ ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಬಿಟಿ, ಶಿಲೀಂಧ್ರದ ಪುಡಿಗಳಲ್ಲಿರುವುದು ಜೀವ. ಅಂಗಡಿಯ ಬಿಸಿಲು ಬೀಳುವ ಶೆಲ್ಫಿನಲ್ಲಿ ಒಂದು ಬೇಸಿಗೆ ಕಳೆದ ಪೊಟ್ಟಣ ಅರ್ಧ ಬೆಲೆಗೆ ಕೊಟ್ಟರೂ ಬೇಡ. ತಂಪಾದ, ಕತ್ತಲಿರುವ ಕಡೆ ಇಟ್ಟು ಮಾರುವವರನ್ನು ಹುಡುಕಿ, ಒಂದು ಬೆಳೆಗೆ ಬೇಕಾದಷ್ಟೇ ತನ್ನಿ.